ತಾಯಿಗೆ ಸೀತಾಳೆ ಸಿಡುಬು ಬಂದಾಗ ಕೂಸಿನ ಆರೈಕೆ ಹೇಗೆ?

ಚಳಿಗಾಲ ಮುಗಿದು ಬಿಸಿಲು ಏರುತ್ತಿದ್ದಂತೆ ನಮ್ಮ ಹೊರರೋಗಿ ವಿಭಾಗಕ್ಕೆ ಮೈತುಂಬ ಗುಳ್ಳೆ ಎದ್ದವರು ಬರತೊಡಗುತ್ತಾರೆ. ಅವರಲ್ಲಿ ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಇರುತ್ತಾರೆ. ಉಡಿಯಲ್ಲಿ ಕೂಸು ಇರುವ ತಾಯಂದಿರೂ ಇರುತ್ತಾರೆ. ಅಂಥ ತಾಯಿಯ ಜೊತೆಗೆ ಬಂದ ಹಿರಿಯರು ಮೊದಲು ಕೇಳುವುದು ಒಂದೇ ಮಾತು: "ಸಿಸ್ಟರ್, ಈಗ ಕೂಸಿನ್ನ ಯಾರ ಕಡೆ ಕೊಡೋಣ್ರಿ? ಮೊಲಿ ಬಿಡಸಬೇಕೇನ್ರಿ?"

ಈ ಪ್ರಶ್ನೆಗೆ ಉತ್ತರವನ್ನು ಲೇಖನದ ಮೊದಲಲ್ಲೇ ಹೇಳಿಬಿಡುತ್ತೇನೆ. ಹಾಲು ಬಿಡಿಸಬೇಡಿ. ಕೂಸನ್ನು ಬೇರೆ ಊರಿಗೆ ಕಳಿಸಬೇಡಿ. ಗುಳ್ಳೆ ಕಂಡ ದಿನವೇ ತಾಯಿಯನ್ನು ವೈದ್ಯರಿಗೆ ತೋರಿಸಿ. ಹೀಗೇಕೆ ಎಂಬುದನ್ನು ಮುಂದೆ ವಿವರಿಸಲಾಗಿದೆ.

ಕೆಲವು ವರ್ಷಗಳ ಹಿಂದೆ ನಾನು ಆರೈಕೆ ಮಾಡಿದ ಒಬ್ಬ ತಾಯಿ ಇಂದಿಗೂ ನೆನಪಿನಲ್ಲಿದ್ದಾರೆ. ಅವರಿಗೆ ಇಪ್ಪತ್ನಾಲ್ಕು ವರ್ಷ, ಕೂಸಿಗೆ ನಾಲ್ಕು ತಿಂಗಳು. ಮೈಮೇಲೆ ಗುಳ್ಳೆ ಕಂಡ ದಿನವೇ ಮನೆಯವರು "ಅಮ್ಮ ಬಂದಾಳ, ಔಷಧ ಮುಟ್ಟಿಸಬಾರದು" ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ತಾಯಿಗೆ ಉಪ್ಪು, ಒಗ್ಗರಣೆ ಇಲ್ಲದ ತೆಳು ಗಂಜಿ ಮಾತ್ರ ಕೊಟ್ಟರು. ಕೂಸನ್ನು ಅಂದೇ ಸಂಜೆ ಬಸ್ಸಿನಲ್ಲಿ ಬೇರೆ ಊರಿನ ನೆಂಟರ ಮನೆಗೆ ಒಯ್ದರು. ಅಲ್ಲಿ ಆಕಳ ಹಾಲಿಗೆ ನೀರು ಬೆರೆಸಿ ಬಾಟಲಿಯಲ್ಲಿ ಕುಡಿಸಿದರು. ಐದನೆಯ ದಿನ ತಾಯಿಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತಿತ್ತು. ಆಸ್ಪತ್ರೆಗೆ ಕರೆತಂದಾಗ ರೋಗ ಶ್ವಾಸಕೋಶಕ್ಕೆ ಇಳಿದಿತ್ತು. ಅದೇ ದಿನ ಭೇದಿಯಿಂದ ಸೊರಗಿದ ಕೂಸನ್ನೂ ತಂದರು. ಇಷ್ಟಾದ ಮೇಲೆಯೂ, ಮತ್ತೆ ಎಂಟು ದಿನಕ್ಕೆ ಕೂಸಿನ ಮೈಮೇಲೆ ಗುಳ್ಳೆ ಎದ್ದವು. ಯಾವುದನ್ನು ತಪ್ಪಿಸಲೆಂದು ಕೂಸನ್ನು ದೂರ ಮಾಡಿದ್ದರೋ ಅದು ತಪ್ಪಲಿಲ್ಲ.

ತಾಯಿ, ಮಗು ಇಬ್ಬರೂ ಗುಣವಾಗಿ ಮನೆಗೆ ಹೋದರು. ಆದರೆ ಬತ್ತಿಹೋದ ಎದೆಹಾಲನ್ನು ಮತ್ತೆ ತರಿಸಲು ಆ ತಾಯಿ ಹಲವು ದಿನ ಹೆಣಗಬೇಕಾಯಿತು. ಆ ಮನೆಯವರು ಪ್ರೀತಿ ಇಲ್ಲದೆ ಹೀಗೆ ಮಾಡಿದ್ದಲ್ಲ, ಕಾಳಜಿಯಿಂದಲೇ ಮಾಡಿದ್ದರು. ಕಾಳಜಿಯ ಜೊತೆಗೆ ತಿಳಿವಳಿಕೆಯೂ ಇದ್ದಿದ್ದರೆ ತಾಯಿ–ಮಗು ಇಬ್ಬರಿಗೂ ಅಷ್ಟು ಕಷ್ಟವಾಗುತ್ತಿರಲಿಲ್ಲ. ಈ ಲೇಖನ ಬರೆಯಲು ಅದೇ ಕಾರಣ.

ಇದು ಯಾವ ರೋಗ?

ಸೀತಾಳೆ ಸಿಡುಬನ್ನು ಈಗ ಹೆಚ್ಚಿನವರು ಚಿಕನ್‌ಪಾಕ್ಸ್ ಎಂದೇ ಕರೆಯುತ್ತಾರೆ. ಹಿರಿಯರು 'ಅಮ್ಮ' ಎನ್ನುತ್ತಾರೆ. ವೆರಿಸೆಲ್ಲಾ ಜೋಸ್ಟರ್ ಎಂಬ ವೈರಾಣುವಿನಿಂದ ಇದು ಬರುತ್ತದೆ. ಹಿಂದೆ ಊರಿಗೆ ಊರನ್ನೇ ಬಲಿ ತೆಗೆದುಕೊಳ್ಳುತ್ತಿದ್ದ ದೊಡ್ಡ ಸಿಡುಬು ಬೇರೆ, ಇದು ಬೇರೆ. ದೊಡ್ಡ ಸಿಡುಬು ನಮ್ಮ ದೇಶದಲ್ಲಿ ಕೊನೆಯದಾಗಿ ಕಂಡದ್ದು 1975ರಲ್ಲಿ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದು ಇಡೀ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಿತು. ಹಿರಿಯರ ಮನಸ್ಸಿನಲ್ಲಿರುವ ಭಯ ಬಹುಮಟ್ಟಿಗೆ ಆ ಹಳೆಯ ಸಿಡುಬಿನದು.

ಸೀತಾಳೆ ಸಿಡುಬಿನಲ್ಲಿ ಮೊದಲು ಒಂದೆರಡು ದಿನ ಜ್ವರ, ಮೈಕೈ ನೋವು, ಸುಸ್ತು ಇರುತ್ತದೆ. ನಂತರ ಎದೆ, ಬೆನ್ನು, ಹೊಟ್ಟೆ, ಮುಖ, ತಲೆಯ ಚರ್ಮದ ಮೇಲೆ ಕೆಂಪು ಕಲೆಗಳು ಏಳುತ್ತವೆ. ಅವು ಕೆಲವೇ ಗಂಟೆಗಳಲ್ಲಿ ನೀರು ತುಂಬಿದ ಗುಳ್ಳೆಗಳಾಗಿ, ಬಳಿಕ ಒಣಗಿ ಹಕ್ಕಳೆ ಕಟ್ಟುತ್ತವೆ. ಮೂರು ನಾಲ್ಕು ದಿನ ಹೊಸ ಗುಳ್ಳೆಗಳು ಏಳುತ್ತಲೇ ಇರುವುದರಿಂದ ಒಂದೇ ಮೈಮೇಲೆ ಕಲೆ, ಗುಳ್ಳೆ, ಹಕ್ಕಳೆ ಮೂರೂ ಕಾಣುತ್ತವೆ. ಇದು ಈ ರೋಗದ ಗುರುತು.

ರೋಗಿಯ ಉಸಿರು, ಕೆಮ್ಮು, ಸೀನು ಮತ್ತು ಗುಳ್ಳೆಯ ನೀರಿನಿಂದ ರೋಗ ಹರಡುತ್ತದೆ. ಗುಳ್ಳೆ ಕಾಣುವುದಕ್ಕೆ ಒಂದೆರಡು ದಿನ ಮೊದಲಿನಿಂದಲೇ ಇದು ಅಂಟುತ್ತದೆ. ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆಯಾಗುವವರೆಗೆ, ಅಂದರೆ ಸಾಮಾನ್ಯವಾಗಿ ಐದರಿಂದ ಏಳು ದಿನ, ಇನ್ನೊಬ್ಬರಿಗೆ ತಗಲಬಹುದು. ಒಂದೇ ಮನೆಯಲ್ಲಿದ್ದು ಹಿಂದೆ ಈ ರೋಗ ಬಂದಿರದ, ಲಸಿಕೆಯನ್ನೂ ಹಾಕಿಸಿಕೊಂಡಿರದ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನರಿಗೆ ತಗಲುತ್ತದೆ. ತಗಲಿದ ಮೇಲೆ ಗುಳ್ಳೆ ಕಾಣಲು 10ರಿಂದ 21 ದಿನ ಬೇಕು.

ದೊಡ್ಡವರಿಗೆ ಏಕೆ ಹೆಚ್ಚು ತೊಂದರೆ?

"ಸಣ್ಣವರಿಗೆ ಬರೋದು, ತಾನಾಗೇ ಹೋಗ್ತದ" ಎಂಬ ಮಾತು ಆರೋಗ್ಯವಂತ ಮಕ್ಕಳ ಮಟ್ಟಿಗೆ ಬಹುಪಾಲು ನಿಜ. ದೊಡ್ಡವರ ವಿಷಯದಲ್ಲಿ ಹಾಗಲ್ಲ. ದೊಡ್ಡವರಿಗೆ ಜ್ವರ ಹೆಚ್ಚು, ಗುಳ್ಳೆಗಳೂ ಹೆಚ್ಚು. ಕೆಲವರಿಗೆ ರೋಗ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಇದು ಸಾಮಾನ್ಯವಾಗಿ ಗುಳ್ಳೆ ಕಂಡ ಒಂದರಿಂದ ಆರು ದಿನಗಳೊಳಗೆ ಆರಂಭವಾಗುತ್ತದೆ. ಗರ್ಭಿಣಿಯರಿಗೆ, ಬೀಡಿ–ಸಿಗರೇಟು ಸೇದುವವರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಅಪಾಯ ಇನ್ನೂ ಹೆಚ್ಚು.

ಎಳೆಗೂಸಿನ ತಾಯಿಯ ಕಷ್ಟ ಇಮ್ಮಡಿ. ಆಕೆ ಮೊದಲೇ ಬಾಣಂತನದಲ್ಲಿ ದಣಿದಿರುತ್ತಾಳೆ, ರಾತ್ರಿ ನಿದ್ದೆ ಇರುವುದಿಲ್ಲ. ಬಾಣಂತಿಯ ಪಥ್ಯದ ಮೇಲೆ 'ಅಮ್ಮ'ನ ಪಥ್ಯವೂ ಸೇರಿದರೆ ಹೊಟ್ಟೆಗೆ ಏನೂ ಸಿಗುವುದಿಲ್ಲ. ಇಂಥ ಸಮಯದಲ್ಲಿ ಆಕೆಯನ್ನು ಮೂಲೆಗೆ ಕೂರಿಸಿ ಕೂಸನ್ನು ಕಿತ್ತುಕೊಂಡರೆ ಮನಸ್ಸೂ ಕುಗ್ಗುತ್ತದೆ.

ಕೂಸಿಗೆ ತಗಲುತ್ತದೆಯೇ?

"ಆರು ತಿಂಗಳ ಒಳಗಿನ ಕೂಸಿಗೆ ಇದು ಬರುವುದಿಲ್ಲ" ಎಂದು ಹಲವರು ಹೇಳುತ್ತಾರೆ. ಈ ಮಾತು ಅರ್ಧ ಮಾತ್ರ ನಿಜ. ತಾಯಿಗೆ ಚಿಕ್ಕಂದಿನಲ್ಲೇ ಈ ರೋಗ ಬಂದು ಹೋಗಿದ್ದರೆ ಅವಳ ರಕ್ತದಲ್ಲಿ ರೋಗವನ್ನು ತಡೆಯುವ ಪ್ರತಿಕಾಯಗಳು ಇರುತ್ತವೆ. ಗರ್ಭದಲ್ಲಿರುವಾಗ ಅವು ಮಗುವಿಗೂ ಹರಿದು, ಹುಟ್ಟಿದ ಮೇಲೆ ಕೆಲವು ತಿಂಗಳು ಕಾಪಾಡುತ್ತವೆ. ಆದರೆ ತಾಯಿಗೆ ರೋಗ ಈಗ ಬರುತ್ತಿದೆ ಎಂದರೆ ಗರ್ಭಿಣಿಯಾಗಿದ್ದಾಗ ಅವಳಲ್ಲಿ ಆ ಪ್ರತಿಕಾಯಗಳು ಇರಲಿಲ್ಲ ಎಂದೇ ಅರ್ಥ. ತನ್ನಲ್ಲಿ ಇಲ್ಲದ್ದನ್ನು ಅವಳು ಮಗುವಿಗೆ ಕೊಡುವುದು ಹೇಗೆ? ಆದ್ದರಿಂದ ಇಂಥ ತಾಯಿಯ ಕೂಸಿಗೆ ರೋಗ ತಗಲುವ ಸಾಧ್ಯತೆ ಹೆಚ್ಚು.

ಇನ್ನೊಂದು ಮುಖ್ಯ ಸಂಗತಿ. ಗುಳ್ಳೆ ಕಾಣುವ ಮೊದಲೇ ರೋಗ ಅಂಟುತ್ತದೆ ಎಂದು ಆಗಲೇ ಹೇಳಿದೆ. ಆ ಎರಡು ದಿನ ತಾಯಿ ಕೂಸನ್ನು ಎತ್ತಿದ್ದಾಳೆ, ಮುದ್ದಿಸಿದ್ದಾಳೆ, ಮಗ್ಗುಲಲ್ಲಿ ಮಲಗಿಸಿಕೊಂಡಿದ್ದಾಳೆ. ಗುಳ್ಳೆ ಕಂಡ ಮೇಲೆ ಕೂಸನ್ನು ದೂರ ಮಾಡುವುದು ಕುದುರೆ ಓಡಿಹೋದ ಮೇಲೆ ಲಾಯದ ಬಾಗಿಲು ಹಾಕಿದಂತೆ. ಅಷ್ಟೇ ಅಲ್ಲ, ಸೋಂಕು ತಗಲಿದ ಕೂಸನ್ನು ಬೇರೆ ಮನೆಗೆ ಒಯ್ದರೆ ಅಲ್ಲಿಯ ಮಕ್ಕಳಿಗೆ, ಗರ್ಭಿಣಿಯರಿಗೆ ರೋಗವನ್ನೂ ಒಯ್ದಂತಾಗುತ್ತದೆ.

ಸಮಾಧಾನದ ಸಂಗತಿಯೆಂದರೆ, ಹುಟ್ಟಿ ಕೆಲವು ವಾರಗಳಾದ, ತಿಂಗಳು ತುಂಬಿ ಹುಟ್ಟಿದ, ಆರೋಗ್ಯವಾಗಿರುವ ಕೂಸಿಗೆ ಈ ರೋಗ ಬಂದರೂ ಹೆಚ್ಚಾಗಿ ಸೌಮ್ಯವಾಗಿಯೇ ಇರುತ್ತದೆ. ಆದರೂ ಕೂಸನ್ನು ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಲೇಬೇಕು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು, ಒಂದು ತಿಂಗಳೊಳಗಿನ ಕೂಸು, ಬೇರೆ ಕಾಯಿಲೆ ಇರುವ ಕೂಸು ಇದ್ದರೆ ಅದೇ ದಿನ ತೋರಿಸಿ.

ಹೆರಿಗೆಯ ಆಸುಪಾಸಿನಲ್ಲಿ ಬಂದರೆ ತುರ್ತು

ಒಂದು ಸಂದರ್ಭವನ್ನು ಮಾತ್ರ ಬೇರೆಯಾಗಿ ನೆನಪಿಡಬೇಕು. ಹೆರಿಗೆಗೆ ಐದು ದಿನ ಮೊದಲಿನಿಂದ ಹಿಡಿದು ಹೆರಿಗೆಯಾದ ಎರಡು ದಿನಗಳೊಳಗೆ ತಾಯಿಗೆ ಗುಳ್ಳೆ ಎದ್ದರೆ ಹಸುಗೂಸಿಗೆ ಜೀವಾಪಾಯವಿದೆ. ಏಕೆಂದರೆ ರೋಗಾಣು ಮಗುವನ್ನು ಸೇರಿರುತ್ತದೆ, ಪ್ರತಿಕಾಯ ಮಾತ್ರ ಇನ್ನೂ ಸೇರಿರುವುದಿಲ್ಲ. ಆಗ ಮಗುವಿಗೆ ಸಿದ್ಧ ಪ್ರತಿಕಾಯಗಳಿರುವ ಇಮ್ಯುನೋಗ್ಲೋಬ್ಯುಲಿನ್ ಚುಚ್ಚುಮದ್ದನ್ನು ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಕೊಡಬೇಕು. ಮಗುವನ್ನು ಆಸ್ಪತ್ರೆಯಲ್ಲೇ ನೋಡಿಕೊಳ್ಳಬೇಕು. ಈ ಸಂದರ್ಭದಲ್ಲಿ ವೈದ್ಯರು ಮಗುವನ್ನು ಕೆಲದಿನ ತಾಯಿಯಿಂದ ಬೇರೆ ಇಡಲು ಹೇಳಬಹುದು. ಹೇಳಿದರೆ ಪಾಲಿಸಿ. ಆಗಲೂ ತಾಯಿಯ ಹಾಲನ್ನು ಹಿಂಡಿ ತೆಗೆದು ಒಳಲೆ ಅಥವಾ ಚಮಚದಿಂದ ಕುಡಿಸಬಹುದು.

ತುಂಬು ಗರ್ಭಿಣಿಗೆ ಗುಳ್ಳೆ ಎದ್ದರೆ ಮನೆಯಲ್ಲಿ ಒಂದು ದಿನವೂ ಕಾಯಬೇಡಿ. ಹೆರಿಗೆ ಮುಗಿಸಿ ಮನೆಗೆ ಹೋದ ಮರುದಿನ ಗುಳ್ಳೆ ಕಂಡರೂ ಕೂಸಿನೊಂದಿಗೆ ತಿರುಗಿ ಬನ್ನಿ.

ಎದೆಹಾಲು ನಿಲ್ಲಿಸಬೇಡಿ

ಎದೆಹಾಲಿನ ಮೂಲಕ ಈ ರೋಗ ಕೂಸಿಗೆ ಹರಡಿದ್ದು ಕಂಡುಬಂದಿಲ್ಲ. ರೋಗ ಹರಡುವುದು ಉಸಿರಿನಿಂದ ಮತ್ತು ಗುಳ್ಳೆಯ ನೀರಿನಿಂದ. ಹಾಲು ಕೂಸಿಗೆ ಆಹಾರ, ನೀರು ಎರಡೂ ಹೌದು. ಬೇರೆ ಸೋಂಕುಗಳನ್ನು ತಡೆಯುವ ಶಕ್ತಿಯೂ ಅದರಲ್ಲಿದೆ. ಬಾಟಲಿ ಹಾಲು ಅದನ್ನು ಕೊಡಲಾರದು. ಬಾಟಲಿ ಸರಿಯಾಗಿ ಕುದಿಸದಿದ್ದರೆ ಭೇದಿ ಖಂಡಿತ.

ಹಾಲೂಡುವಾಗ ಹೀಗೆ ಮಾಡಿ:

• ಕೈಗಳನ್ನು ಸಾಬೂನಿನಿಂದ ತೊಳೆದುಕೊಳ್ಳಿ. ಮೂಗು–ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಿ.
• ಎದೆ, ತೋಳಿನ ಮೇಲಿನ ಗುಳ್ಳೆಗಳಿಗೆ ಒಗೆದ ಹತ್ತಿ ಬಟ್ಟೆ ಮುಚ್ಚಿ, ಕೂಸಿನ ಮುಖ ತಾಗದಂತೆ ನೋಡಿಕೊಳ್ಳಿ.
• ಮೊಲೆತೊಟ್ಟಿನ ಮೇಲೆ ಅಥವಾ ಕೂಸಿನ ಬಾಯಿ ತಾಗುವ ಜಾಗದಲ್ಲಿ ಗುಳ್ಳೆ ಇದ್ದರೆ ಆ ಬದಿಯಲ್ಲಿ ಕುಡಿಸಬೇಡಿ, ಇನ್ನೊಂದು ಬದಿಯಲ್ಲಿ ಕುಡಿಸಿ. ಗುಳ್ಳೆ ಇರುವ ಬದಿಯ ಹಾಲನ್ನು ಪ್ರತಿ ಮೂರು ಗಂಟೆಗೊಮ್ಮೆ ಕೈಯಿಂದ ಹಿಂಡಿ ತೆಗೆಯಿರಿ. ಇಲ್ಲವಾದರೆ ಹಾಲು ಕಟ್ಟಿ ಬಾವು ಬರುತ್ತದೆ. ಗುಳ್ಳೆಗೆ ತಾಗಿದ ಹಾಲನ್ನು ಕೂಸಿಗೆ ಕೊಡಬೇಡಿ.
• ತಾಯಿಗೆ ಎದ್ದು ಕೂರಲೂ ಆಗದಿದ್ದರೆ ಹಾಲನ್ನು ಸ್ವಚ್ಛವಾದ ಸ್ಟೀಲ್ ಬಟ್ಟಲಿಗೆ ಹಿಂಡಿ, ಬೇರೆಯವರು ಒಳಲೆಯಿಂದ ಕುಡಿಸಲಿ. ಹಿಂಡಿದ ಹಾಲನ್ನು ಹೊರಗೆ ಇಟ್ಟರೆ ನಾಲ್ಕು ಗಂಟೆಯೊಳಗೆ ಬಳಸಿ. ಬಿಸಿಲುಗಾಲದಲ್ಲಿ ಇನ್ನೂ ಬೇಗ ಬಳಸಿ.
• ಎದೆಯ ಮೇಲೆ ಲೋಷನ್, ಮುಲಾಮು, ಅರಿಶಿನ ಹಚ್ಚಬೇಡಿ. ಅದು ಕೂಸಿನ ಬಾಯಿಗೆ ಹೋಗುತ್ತದೆ.

ಮೊದಲ ದಿನವೇ ವೈದ್ಯರ ಬಳಿಗೆ

ಇದಕ್ಕೆ ಔಷಧವೇ ಇಲ್ಲ ಎಂಬುದು ಹಳೆಯ ಮಾತು. ವೈರಾಣು ಬೆಳೆಯುವುದನ್ನು ತಡೆಯುವ ಅಸೈಕ್ಲೋವಿರ್ ಎಂಬ ಮಾತ್ರೆ ಇದೆ. ಮೊದಲ ಗುಳ್ಳೆ ಕಂಡ 24 ಗಂಟೆಯೊಳಗೆ ಆರಂಭಿಸಿದರೆ ಇದರ ಗುಣ ಹೆಚ್ಚು. ಅದಕ್ಕಾಗಿಯೇ ಮೊದಲ ದಿನ ಬನ್ನಿ ಎಂದು ಒತ್ತಿ ಹೇಳುತ್ತಿದ್ದೇವೆ. ತಡವಾಗಿದ್ದರೂ ಬನ್ನಿ. ರೋಗ ಜೋರಾಗಿದ್ದರೆ ಆಗಲೂ ಚಿಕಿತ್ಸೆ ಇದೆ. ದೊಡ್ಡವರಿಗೆ ಈ ಮಾತ್ರೆಯನ್ನು ಸಾಮಾನ್ಯವಾಗಿ ದಿನಕ್ಕೆ ಐದು ಸಲ, ಏಳು ದಿನ ಕೊಡುತ್ತಾರೆ. ಎರಡು ದಿನಕ್ಕೆ ಗುಳ್ಳೆ ಒಣಗಿದವೆಂದು ನಡುವೆ ಬಿಡಬೇಡಿ. ಮಾತ್ರೆಯ ಜೊತೆ ನೀರು ಚೆನ್ನಾಗಿ ಕುಡಿಯಬೇಕು. ಹಾಲೂಡುವ ತಾಯಿಯೂ ಇದನ್ನು ತೆಗೆದುಕೊಳ್ಳಬಹುದು. ಆದರೆ ವೈದ್ಯರಿಗೆ "ನಾನು ಹಾಲು ಕುಡಿಸುತ್ತಿದ್ದೇನೆ" ಎಂದು ಹೇಳುವುದನ್ನು ಮರೆಯಬೇಡಿ.

ಜ್ವರ, ಮೈಕೈ ನೋವಿಗೆ ಪ್ಯಾರಸಿಟಮಾಲ್ ಸಾಕು. ಆಸ್ಪಿರಿನ್ ಬೇಡ. ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳೂ ಈ ರೋಗದಲ್ಲಿ ಬೇಡ, ಗುಳ್ಳೆಗಳಲ್ಲಿ ಕೀವು ಆಗುವ ಸಂಭವ ಹೆಚ್ಚುತ್ತದೆ. ಔಷಧದ ಅಂಗಡಿಯಲ್ಲಿ ಕೇಳಿ ತಂದ ಮಾತ್ರೆ, ಏನೆಂದು ತಿಳಿಯದ ಇಂಜೆಕ್ಷನ್ ಬೇಡವೇ ಬೇಡ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ರೋಗ ಕೈಮೀರಬಹುದು. ಬೇರೆ ಕಾಯಿಲೆಗೆ ಮೊದಲಿನಿಂದ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವವರು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ತುರಿಕೆಗೆ ಕೊಡುವ ಕೆಲವು ಮಾತ್ರೆಗಳಿಂದ ನಿದ್ದೆ ಹೆಚ್ಚಾಗುತ್ತದೆ. ಅಂಥ ಮಾತ್ರೆ ನುಂಗಿದ ರಾತ್ರಿ ಕೂಸನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳಬೇಡಿ. ತೊಟ್ಟಿಲಲ್ಲಿ ಮಲಗಿಸಿ, ಇನ್ನೊಬ್ಬರು ಎಚ್ಚರವಿರಲಿ.

ಆಸ್ಪತ್ರೆಗೆ ಬಂದಾಗ ಚೀಟಿ ಮಾಡಿಸುವ ಸಾಲಿನಲ್ಲಿ ರೋಗಿಯನ್ನು ನಿಲ್ಲಿಸಬೇಡಿ. ಅಲ್ಲಿ ಗರ್ಭಿಣಿಯರು, ಸಣ್ಣ ಮಕ್ಕಳು ಇರುತ್ತಾರೆ. ಜೊತೆಗೆ ಬಂದವರು ಮುಂದೆ ಹೋಗಿ ಸಿಬ್ಬಂದಿಗೆ ತಿಳಿಸಿದರೆ ಬೇರೆ ಕೋಣೆಯಲ್ಲಿ ಕೂರಿಸುತ್ತಾರೆ. ಹಾಗೆಯೇ ರೋಗಿ ದಾಸೋಹದ ಪಂಕ್ತಿಗೆ ಹೋಗದೆ, ಪ್ರಸಾದವನ್ನು ಜೊತೆಗಿರುವವರು ತಟ್ಟೆಯಲ್ಲಿ ತಂದುಕೊಡಲಿ.

ಬೇವು, ಸ್ನಾನ, ಊಟ

ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದನ್ನು ನಾವು ಬೇಡ ಎನ್ನುವುದಿಲ್ಲ. ಸೊಪ್ಪು ಕಂಡವರು ಒಳಗೆ ಬರುವುದಿಲ್ಲ, ರೋಗ ಹರಡುವುದು ಕಡಿಮೆಯಾಗುತ್ತದೆ. ಅಷ್ಟರ ಮಟ್ಟಿಗೆ ಅದು ಹಿರಿಯರು ಮಾಡಿದ ಒಳ್ಳೆಯ ಏರ್ಪಾಡು. ಬೇವು ಬಾಗಿಲಲ್ಲಿ ಇರಲಿ, ಮಾತ್ರೆ ಹೊಟ್ಟೆಗೆ ಹೋಗಲಿ. ಒಂದಕ್ಕೊಂದು ವಿರೋಧವಿಲ್ಲ. ಹಾಗೆಯೇ ಈ ರೋಗ ಯಾರ ಸಿಟ್ಟೂ ಅಲ್ಲ, ಯಾರ ತಪ್ಪಿಗೆ ಶಿಕ್ಷೆಯೂ ಅಲ್ಲ. "ಏನು ಅಪಚಾರ ಮಾಡಿದೆಯೋ" ಎಂದು ತಾಯಿಯನ್ನು ನೋಯಿಸಬೇಡಿ.

ಸ್ನಾನ ನಿಲ್ಲಿಸುವ ಅಗತ್ಯವಿಲ್ಲ. ದಿನವೂ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿದರೆ ತುರಿಕೆ ಕಡಿಮೆಯಾಗುತ್ತದೆ, ಗುಳ್ಳೆಯಲ್ಲಿ ಕೀವಾಗುವುದೂ ತಪ್ಪುತ್ತದೆ. ಮೈಯನ್ನು ಉಜ್ಜದೆ ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ. ತೊಳೆದ ಬೇವಿನ ಎಲೆಯನ್ನು ನೀರಿಗೆ ಹಾಕಿದರೆ ಅಡ್ಡಿಯಿಲ್ಲ. ಆದರೆ ಸೊಪ್ಪಿನಿಂದ ಗುಳ್ಳೆಗಳನ್ನು ತಿಕ್ಕಬೇಡಿ. ತುರಿಕೆಗೆ ಕ್ಯಾಲಮೈನ್ ಲೋಷನ್ ಹಚ್ಚಬಹುದು. ಉಗುರು ಕತ್ತರಿಸಿಕೊಳ್ಳಿ, ಸಡಿಲವಾದ ಹತ್ತಿ ಬಟ್ಟೆ ತೊಡಿ. ಹಕ್ಕಳೆಗಳನ್ನು ಕಿತ್ತರೆ ಕಲೆ ಉಳಿಯುತ್ತದೆ, ತಾವಾಗಿ ಉದುರಲಿ.

ಇಷ್ಟಲಿಂಗ ಪೂಜೆಗೆ ಏನೂ ಅಡ್ಡಿಯಿಲ್ಲ. ಹಣೆಗೆ ವಿಭೂತಿ ಧರಿಸಬಹುದು. ಒಡೆದ ಗುಳ್ಳೆಯ ಮೇಲೆ ಮಾತ್ರ ವಿಭೂತಿ, ಅರಿಶಿನ, ಎಣ್ಣೆ ಯಾವುದನ್ನೂ ಹಚ್ಚಬೇಡಿ. ಶಿವದಾರ ಕೊರಳ ಗುಳ್ಳೆಗಳಿಗೆ ಉಜ್ಜುತ್ತಿದ್ದರೆ ಒಗೆದ ಮೆತ್ತನೆಯ ದಾರಕ್ಕೆ ಬದಲಿಸಿಕೊಳ್ಳಿ.

ಊಟದಲ್ಲಿ ಪಥ್ಯವಿಲ್ಲ. ಉಪ್ಪು, ಒಗ್ಗರಣೆ, ಹಾಲು, ಮಜ್ಜಿಗೆ ಯಾವುದರಿಂದಲೂ ಗುಳ್ಳೆ ಹೆಚ್ಚುವುದಿಲ್ಲ. ಬಾಯಲ್ಲಿ ಗುಳ್ಳೆ ಇದ್ದರೆ ಖಾರ, ಹುಳಿ ಉರಿಯುತ್ತದೆ. ಆ ಕಾರಣಕ್ಕಷ್ಟೇ ಕೆಲದಿನ ಬಿಡಿ. ಮೆತ್ತಗಿನ ಅನ್ನ, ಹೆಸರುಬೇಳೆ ತೊವ್ವೆ, ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ, ರಾಗಿ ಅಂಬಲಿ, ಮಜ್ಜಿಗೆ, ಎಳನೀರು, ಬಾಳೆಹಣ್ಣು ಒಳ್ಳೆಯದು. ದಿನಕ್ಕೆ ಹತ್ತು ಹನ್ನೆರಡು ಲೋಟ ನೀರು, ಪಾನಕ, ಗಂಜಿ ಏನಾದರೂ ಹೊಟ್ಟೆಗೆ ಹೋಗಲಿ. ತಾಯಿ ಉಂಡರೆ ಕೂಸು ಉಂಡಂತೆ.

ಮನೆಯವರ ಪಾಲು

ತಾಯಿಗೆ ವಿಶ್ರಾಂತಿ ಬೇಕು. ಹಾಲೂಡುವುದೊಂದನ್ನು ಬಿಟ್ಟು ಕೂಸಿನ ಉಳಿದ ಕೆಲಸವನ್ನು ಬೇರೆಯವರು ವಹಿಸಿಕೊಳ್ಳಬೇಕು. ಯಾರು ವಹಿಸಿಕೊಳ್ಳಬೇಕು? ನಂಟಸ್ತಿಕೆ ನೋಡಿ ಆರಿಸಬೇಡಿ. "ನಿನಗೆ ಹಿಂದೆ ಅಮ್ಮ ಬಂದಿತ್ತೇ?" ಎಂದು ಕೇಳಿ ಆರಿಸಿ. ಒಮ್ಮೆ ಬಂದು ಹೋದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಅದು ಅತ್ತೆಯಾಗಿರಲಿ, ತವರಿನ ತಾಯಿಯಾಗಿರಲಿ, ಕೂಸಿನ ತಂದೆಯೇ ಆಗಿರಲಿ. ಕೂಸಿಗೆ ಎರೆಯುವುದು, ಬಟ್ಟೆ ಬದಲಿಸುವುದು, ರಾತ್ರಿ ಎತ್ತಿಕೊಂಡು ತಿರುಗುವುದು ಹೆಂಗಸರ ಕೆಲಸ ಮಾತ್ರವಲ್ಲ. ಕಾಯಕದಲ್ಲಿ ಮೇಲು–ಕೀಳು ಇಲ್ಲವೆಂದು ನಂಬುವ ನಾವು ಮನೆಯೊಳಗೂ ಅದನ್ನು ನಡೆಸಬೇಕಲ್ಲವೇ?

ಕೂಸಿಗೆ ಹಾಲೂಡಿದ ಮೇಲೆ ಅವರು ಎತ್ತಿಕೊಳ್ಳಲಿ. ಕಿಟಕಿ ತೆರೆದು ಗಾಳಿ ಆಡಲು ಬಿಡಿ. ತಾಯಿಯ ಟವೆಲು, ಹಾಸಿಗೆ ಬಟ್ಟೆ ಬೇರೆ ಇಟ್ಟು ಸಾಬೂನಿನಲ್ಲಿ ಒಗೆದು ಬಿಸಿಲಿಗೆ ಹಾಕಿ.

ಹಿಂದೆ ಈ ರೋಗ ಬಂದಿರದ ಗರ್ಭಿಣಿಯರು, ಕ್ಯಾನ್ಸರ್ ಚಿಕಿತ್ಸೆ ಅಥವಾ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವವರು ಆ ಮನೆಗೆ ಬರಬಾರದು. ಗೊತ್ತಿಲ್ಲದೆ ಬಂದು ಹೋಗಿದ್ದರೆ ಗುಳ್ಳೆ ಏಳುವವರೆಗೆ ಕಾಯದೆ ತಕ್ಷಣ ವೈದ್ಯರಿಗೆ ತಿಳಿಸಬೇಕು. ಕೂಸನ್ನು ನೋಡಲು ಬರುವ ನೆಂಟರಿಗೆ "ಕೆಲವು ವಾರ ಬಿಟ್ಟು ಬನ್ನಿ" ಎಂದು ಹೇಳಲು ಸಂಕೋಚ ಬೇಡ.

ಕೂಸಿಗೆ ಗುಳ್ಳೆ ಎದ್ದರೆ

ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಉದಾಹರಣೆಗೆ, ತಾಯಿಗೆ ಜನವರಿ 10ರಂದು ಗುಳ್ಳೆ ಕಂಡು 17ಕ್ಕೆ ಎಲ್ಲವೂ ಒಣಗಿದವು ಎನ್ನೋಣ. ಕೂಸಿಗೆ ಗುಳ್ಳೆ ಏಳುವುದಾದರೆ ಜನವರಿ 18ರಿಂದ ಫೆಬ್ರುವರಿ 7ರೊಳಗೆ ಏಳಬಹುದು. ಆ ದಿನಗಳಲ್ಲಿ ಕೂಸಿನ ಮೈಯನ್ನು ದಿನವೂ ಬೆಳಕಿನಲ್ಲಿ ನೋಡಿ. ಜಾತ್ರೆ, ಮದುವೆ, ತೊಟ್ಟಿಲು ಶಾಸ್ತ್ರಗಳಿಗೆ ಒಯ್ಯಬೇಡಿ. ಲಸಿಕೆ ಹಾಕಿಸುವ ದಿನ ಬಂದರೆ ಮೊದಲು ಆಶಾ ಕಾರ್ಯಕರ್ತೆ ಅಥವಾ ವೈದ್ಯರನ್ನು ಕೇಳಿ.

ಗುಳ್ಳೆ ಕಂಡರೆ ಹೆದರದೆ ಮಕ್ಕಳ ವೈದ್ಯರಿಗೆ ತೋರಿಸಿ. ಹಾಲು ಹೆಚ್ಚು ಸಲ ಕುಡಿಸಿ. ಉಗುರು ಕತ್ತರಿಸಿ, ಕೈಗೆ ಮೆತ್ತನೆಯ ಬಟ್ಟೆಯ ಚೀಲ ಹಾಕಿ. ಒದ್ದೆ ಬಟ್ಟೆ ಕೂಡಲೇ ಬದಲಿಸಿ. ಜ್ವರದ ಔಷಧವನ್ನು ಕೂಸಿನ ತೂಕ ನೋಡಿ ವೈದ್ಯರು ಹೇಳಿದಷ್ಟೇ ಕೊಡಿ. ಆಸ್ಪಿರಿನ್ ಕೊಡಲೇಬಾರದು, ಅದರಿಂದ ಮಿದುಳು ಮತ್ತು ಯಕೃತ್ತಿಗೆ ಗಂಭೀರ ಹಾನಿಯಾಗಬಹುದು. ಜೇನು, ಬಜೆ, ಗುಟ್ಟಿ ನೆಕ್ಕಿಸಬೇಡಿ.

ಕೂಡಲೇ ಆಸ್ಪತ್ರೆಗೆ ಬನ್ನಿ

ತಾಯಿಯಲ್ಲಿ ಈ ಲಕ್ಷಣಗಳು ಕಂಡರೆ:
• ಏದುಸಿರು, ಎದೆನೋವು, ಬಿಡದ ಕೆಮ್ಮು, ಕಫದಲ್ಲಿ ರಕ್ತ
• ನಾಲ್ಕು ದಿನ ದಾಟಿದರೂ ಇಳಿಯದ ಜ್ವರ, ಅಥವಾ ಇಳಿದು ಮತ್ತೆ ಏರಿದ ಜ್ವರ
• ತೀವ್ರ ತಲೆನೋವು, ಕತ್ತು ಬಿಗಿತ, ತಡವರಿಸುವ ಮಾತು ಅಥವಾ ನಡಿಗೆ, ಮಂಪರು
• ನಿಲ್ಲದ ವಾಂತಿ
• ಗುಳ್ಳೆಯ ಸುತ್ತ ಕೆಂಪಾಗಿ, ಬಿಸಿಯಾಗಿ ಊದಿ ನೋಯುವುದು, ಕೀವು
• ಗುಳ್ಳೆಯಲ್ಲಿ ರಕ್ತ, ಕಣ್ಣಿನೊಳಗೆ ಗುಳ್ಳೆ

ಕೂಸಿನಲ್ಲಿ ಈ ಲಕ್ಷಣಗಳು ಕಂಡರೆ:
• ಹಾಲು ಕುಡಿಯದಿರುವುದು, ಎಬ್ಬಿಸಿದರೂ ಏಳದಷ್ಟು ಮಂಪರು
• ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಅಥವಾ ಹೆಚ್ಚು ಜ್ವರ
• ವೇಗದ ಉಸಿರು: ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳ ಕೂಸಿಗೆ 50 ಅಥವಾ ಹೆಚ್ಚು
• ಉಸಿರೆಳೆದಾಗ ಪಕ್ಕೆ ಒಳಗೆ ಸೆಳೆಯುವುದು
• ಫಿಟ್ಸ್, ಮೂತ್ರ ತೀರಾ ಕಡಿಮೆಯಾಗುವುದು, ಗುಳ್ಳೆಯಲ್ಲಿ ಕೀವು

ರಾತ್ರಿ ಹನ್ನೆರಡಾಗಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ.

ಲಸಿಕೆಯಿಂದ ತಡೆಯಬಹುದು

ಈ ರೋಗಕ್ಕೆ ಲಸಿಕೆ ಇದೆ. ಜಪಾನಿನ ವೈದ್ಯ ಮಿಚಿಯಾಕಿ ತಕಹಾಶಿ ತಮ್ಮ ಪುಟ್ಟ ಮಗ ಈ ರೋಗದಿಂದ ತೀವ್ರವಾಗಿ ನರಳಿದ್ದನ್ನು ಕಂಡು ಸಂಶೋಧನೆಗೆ ತೊಡಗಿ, 1974ರಲ್ಲಿ ಇದನ್ನು ಸಿದ್ಧಪಡಿಸಿದರು. ಭಾರತೀಯ ಮಕ್ಕಳ ವೈದ್ಯರ ಸಂಘವು ಮಕ್ಕಳಿಗೆ 15 ತಿಂಗಳಿಂದ ಆರಂಭಿಸಿ ಎರಡು ಡೋಸ್ ಹಾಕಿಸಲು ಸಲಹೆ ನೀಡುತ್ತದೆ. ಹಿಂದೆ ರೋಗ ಬಂದಿರದ ದೊಡ್ಡವರೂ ಕನಿಷ್ಠ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್ ಹಾಕಿಸಿಕೊಳ್ಳಬಹುದು. ಹಾಲೂಡುವ ತಾಯಂದಿರಿಗೂ ಇದು ನಡೆಯುತ್ತದೆ. ಗರ್ಭಿಣಿಯರಿಗೆ ಮಾತ್ರ ಕೊಡುವುದಿಲ್ಲ. ಲಸಿಕೆಯ ನಂತರ ಒಂದು ತಿಂಗಳು ಗರ್ಭ ಧರಿಸಬಾರದು. ಆದ್ದರಿಂದ ಮದುವೆಗೆ ಮುಂಚೆಯೇ ಹೆಣ್ಣುಮಕ್ಕಳನ್ನು "ನಿನಗೆ ಇದು ಬಂದಿತ್ತೇ?" ಎಂದು ಕೇಳಿ, ಬಂದಿರದಿದ್ದರೆ ಲಸಿಕೆ ಹಾಕಿಸುವುದು ಜಾಣತನ.

ಮನೆಯಲ್ಲಿ ಒಬ್ಬರಿಗೆ ಗುಳ್ಳೆ ಕಂಡ ಮೇಲೂ ಮೂರರಿಂದ ಐದು ದಿನದೊಳಗೆ, ಒಂದು ವರ್ಷ ದಾಟಿದ ಉಳಿದವರಿಗೆ ಲಸಿಕೆ ಹಾಕಿಸಿದರೆ ರೋಗ ತಪ್ಪಬಹುದು, ಇಲ್ಲವೇ ಸೌಮ್ಯವಾಗಬಹುದು. ತಾಯಿಯನ್ನು ಕರೆತಂದ ದಿನವೇ ಇದನ್ನೂ ವೈದ್ಯರಲ್ಲಿ ಕೇಳಿ.

ತಾಯಂದಿರಿಗೆ ಒಂದು ಮಾತು

ಗುಳ್ಳೆ ತುಂಬಿದ ಮುಖವನ್ನು ಕನ್ನಡಿಯಲ್ಲಿ ನೋಡಿ ಅಳುವ ತಾಯಂದಿರನ್ನು ನಾನು ಕಂಡಿದ್ದೇನೆ. "ನನ್ನಿಂದ ಕೂಸಿಗೂ ಬಂತಲ್ಲ ಸಿಸ್ಟರ್" ಎಂದು ಕೊರಗುವವರನ್ನೂ ಕಂಡಿದ್ದೇನೆ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ನೀವು ರೋಗವನ್ನು ಕರೆಯಲಿಲ್ಲ, ಕೂಸಿಗೆ ಬೇಕೆಂದು ಕೊಡಲಿಲ್ಲ. ಹಕ್ಕಳೆಗಳು ಎರಡು ಮೂರು ವಾರಗಳಲ್ಲಿ ಉದುರುತ್ತವೆ. ಕಲೆಗಳು ತಿಂಗಳುಗಳಲ್ಲಿ ಮಾಸುತ್ತವೆ. ಕೂಸಿಗೆ ನಿಮ್ಮ ಮುಖದ ಕಲೆ ಕಾಣುವುದಿಲ್ಲ. ನಿಮ್ಮ ದನಿ ಕೇಳುತ್ತದೆ, ನಿಮ್ಮ ಮಡಿಲಿನ ಬಿಸಿ ತಿಳಿಯುತ್ತದೆ.

ಸಂದೇಹವಿದ್ದರೆ ವಾರ್ಡಿನಲ್ಲಿರುವ ಸಿಸ್ಟರ್‌ಗಳನ್ನು ಕೇಳಲು ಹಿಂಜರಿಯಬೇಡಿ. ಈ ಹಾಳೆಯನ್ನು ಓದಿದ ಮೇಲೆ ಎಸೆಯದೆ ಮನೆಗೆ ಒಯ್ದು, ಅಕ್ಕಪಕ್ಕದ ಬಾಣಂತಿಯರ ಮನೆಯವರಿಗೂ ಓದಿ ಹೇಳಿ.